ಫೋನಿನ ಡಬ್ಬಿ ಮೇಲೆ ಇಲ್ಲದ ತಾರೀಖು

ತೊಗರಿ ಮಾರಿದ ದುಡ್ಡು ಖಾತೆಗೆ ಬಂದಿತ್ತು. ಆದರೆ ಕಾಕಾಗೆ ಅದನ್ನು ನೋಡಲಿಕ್ಕೂ ಆಗುತ್ತಿರಲಿಲ್ಲ. ಬ್ಯಾಂಕಿನ ಆ್ಯಪ್ ಒತ್ತಿದರೆ ಇಂಗ್ಲಿಷಿನಲ್ಲಿ ಎರಡು ಸಾಲು ಬರುತ್ತಿದ್ದವು, ಕೆಳಗೆ ಒಂದು 'ಓಕೆ'. ಅದನ್ನು ಒತ್ತಿದರೆ ಆ್ಯಪ್ ಮುಚ್ಚಿಕೊಳ್ಳುತ್ತಿತ್ತು. ಆಳಂದ ಕಡೆಯ ಊರಿನಿಂದ ಮೊದಲ ಬಸ್ಸಿಗೇ ಕಲಬುರಗಿಗೆ ಬಂದಿದ್ದರು. ರಾತ್ರಿ ನಿದ್ದೆ ಮಾಡಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನನ್ನ ರೊಕ್ಕ ಯಾರರೆ ಹೊಡದಾರೇನು, ಸ್ವಲ್ಪ ನೋಡಪ್ಪ" ಅಂದರು.

ರೊಕ್ಕ ಎಲ್ಲೂ ಹೋಗಿರಲಿಲ್ಲ. ಈ ಫೋನಿನ ಆಂಡ್ರಾಯ್ಡ್ ಹಳೆಯದಾಗಿದೆ, ಇನ್ನು ಮುಂದೆ ಇದರಲ್ಲಿ ಆ್ಯಪ್ ನಡೆಯುವುದಿಲ್ಲ. ಆ ಎರಡು ಸಾಲಿನಲ್ಲಿ ಇದ್ದಿದ್ದು ಇಷ್ಟೇ. ಫೋನಿನ ಭಾಷೆ ಕನ್ನಡ ಅಂತ ಇಟ್ಟುಕೊಂಡವರಿಗೆ ಇಂಥ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹೇಳಿ ಕೈ ತೊಳೆದುಕೊಂಡರೆ ಹೇಗೆ? ಒಂದು ರಾತ್ರಿಯ ನಿದ್ದೆ ಕೆಟ್ಟಿದ್ದು ಆ ಎರಡು ಸಾಲಿನಿಂದ.

ಫೋನ್ ನೋಡಿದರೆ ಚೆನ್ನಾಗೇ ಇತ್ತು. ಗಾಜು ಒಡೆದಿಲ್ಲ, ಬ್ಯಾಟರಿ ಸಂಜೆ ತನಕ ಬರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಂ ಅಪ್‌ಡೇಟ್ ಒತ್ತಿದೆ. ಗುಂಡಗೆ ಸುತ್ತಿ ಸುತ್ತಿ, ಆಮೇಲೆ ಹಸಿರು ಟಿಕ್ ಬಂತು. 'ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ.' ಇದು ಮಾತ್ರ ಕನ್ನಡದಲ್ಲಿತ್ತು. ಅಲ್ಲಿಂದ 'ಫೋನ್ ಕುರಿತು' ಅನ್ನುವ ಪುಟಕ್ಕೆ ಹೋಗಿ ಆಂಡ್ರಾಯ್ಡ್ ಆವೃತ್ತಿಯ ಮೇಲೆ ಒತ್ತಿದೆ. ಅಲ್ಲಿ ಭದ್ರತಾ ಅಪ್‌ಡೇಟ್‌ನ, ಅಂದರೆ ಕಳ್ಳರು ನುಗ್ಗಬಹುದಾದ ದೋಷಗಳನ್ನು ಮುಚ್ಚುವ ರಿಪೇರಿಯ, ತಾರೀಖು ಇರುತ್ತದೆ. ಕಾಕಾನ ಫೋನಿನಲ್ಲಿದ್ದ ತಾರೀಖಿಗೆ ಮೂರು ವರ್ಷದ ಮೇಲಾಗಿತ್ತು.

ನನಗೆ ಸಿಟ್ಟು ಬಂದಿದ್ದು ಇಲ್ಲಿ. ಮೂರು ವರ್ಷದಿಂದ ಒಂದು ರಿಪೇರಿಯೂ ಬಾರದ ಫೋನಿಗೆ ಹಸಿರು ಟಿಕ್ ಹಾಕಿ 'ಎಲ್ಲ ಸರಿ ಇದೆ' ಅಂದರೆ ಅದು ಸುಳ್ಳು ಅಲ್ವಾ? ಕಂಪನಿ ಹೇಳುತ್ತಿರುವುದು 'ನಾವು ಕೊಟ್ಟಿದ್ದೆಲ್ಲ ನಿಮಗೆ ಮುಟ್ಟಿದೆ' ಅಂತ. ಕೊಡುವುದನ್ನೇ ನಿಲ್ಲಿಸಿದ್ದೇವೆ ಅನ್ನುವುದನ್ನು ಮಾತ್ರ ಹೇಳುತ್ತಿಲ್ಲ. ನೋಡಿದವರು ಫೋನ್ ಭದ್ರವಾಗಿದೆ ಅಂತಲೇ ತಿಳಿಯುತ್ತಾರೆ. ಕಾಕಾನೂ ಹಾಗೇ ತಿಳಿದಿದ್ದರು.

2015ರಲ್ಲಿ ಆಂಡ್ರಾಯ್ಡ್‌ನಲ್ಲಿ ಸ್ಟೇಜ್‌ಫ್ರೈಟ್ ಅನ್ನುವ ದೊಡ್ಡ ದೋಷ ಸಿಕ್ಕಿತು. ಸುಮ್ನೆ ಒಂದು ಎಂಎಂಎಸ್ (ಫೋಟೋ, ವಿಡಿಯೋ ಹೊತ್ತ ಮೆಸೇಜ್) ಕಳಿಸಿ ಫೋನಿನೊಳಗೆ ನುಗ್ಗಬಹುದಿತ್ತು. ಆ ವರ್ಷದ ಆಗಸ್ಟ್‌ನಿಂದ ಆಂಡ್ರಾಯ್ಡ್ ಮಾಡುವ ಗೂಗಲ್ ತಿಂಗಳಿಗೊಮ್ಮೆ ಭದ್ರತಾ ದೋಷಗಳ ಮತ್ತು ಅವುಗಳ ರಿಪೇರಿಯ ಪಟ್ಟಿ ಪ್ರಕಟಿಸಲು ಶುರು ಮಾಡಿತು. ಆದರೆ ಆ ರಿಪೇರಿ ನೇರವಾಗಿ ನಮ್ಮ ಕೈಗೆ ಬರುವುದಿಲ್ಲ. ಚಿಪ್ ಮಾಡುವವರು ತಮ್ಮ ಪಾಲಿನದು ಸೇರಿಸಬೇಕು. ಫೋನ್ ಮಾಡುವ ಕಂಪನಿ ಅದನ್ನು ಒಂದೊಂದು ಮಾಡೆಲ್ಲಿಗೂ ಹೊಂದಿಸಿ ಕಳಿಸಬೇಕು. ಹಳೆಯ ಮಾಡೆಲ್ಲಿಗೆ ಆ ಖರ್ಚು ಯಾಕೆ ಅಂತ ಕಂಪನಿ ಒಂದು ದಿನ ಕೈ ಬಿಡುತ್ತದೆ. ದೋಷಗಳ ಪಟ್ಟಿ ಮಾತ್ರ ಬರುತ್ತಲೇ ಇರುತ್ತದೆ. ಕಳ್ಳರೂ ಅದನ್ನು ಓದುತ್ತಾರೆ.

ಹಾಗಾಗಿ ಹಳೆಯ ಫೋನಿನಲ್ಲಿ ಆ್ಯಪ್ ನಿಲ್ಲಿಸಿದ ಬ್ಯಾಂಕಿನದು ತಪ್ಪು ಅಂತ ನಾನು ಹೇಳಲಾರೆ. ಮುಂಚೆಯೇ ಕನ್ನಡದಲ್ಲಿ ತಿಳಿಸಬೇಕಿತ್ತು, ಅಷ್ಟೇ. ಗಂಜ್ ಹತ್ತಿರದ ಶಾಖೆಗೆ ಹೋದೆವು. ಪಾಸ್‌ಬುಕ್ ತೋರಿಸಿ ಕಾಕಾ ಮಗಳ ಹಾಸ್ಟೆಲ್ ಫೀಸಿಗೆ ಬೇಕಾದಷ್ಟು ದುಡ್ಡು ತೆಗೆದರು. ಪಾಸ್‌ಬುಕ್ಕಿನಲ್ಲಿ ತೊಗರಿಯ ದುಡ್ಡು ಅಚ್ಚಾಗಿದ್ದು ಕಂಡ ಮೇಲೆಯೇ ಅವರ ಮುಖಕ್ಕೆ ಕಳೆ ಬಂದಿದ್ದು. ಕೌಂಟರಿನವರು "ಹೊಸ ಫೋನ್ ತೊಗೊಂಡ್ಬಿಡ್ರಿ" ಅಂದರು, ಮುಂದಿನವರನ್ನು ಕರೆದರು.

ಕಾಕಾ ಹಳೆಯ ಫೋನಿನ ಡಬ್ಬಿಯನ್ನೂ ಚೀಲದಲ್ಲಿ ತಂದಿದ್ದರು. ಕ್ಯಾಂಟೀನಿನಲ್ಲಿ ಚಹಾ ಹೇಳಿ ಅದನ್ನು ಆಚೆ ಈಚೆ ತಿರುಗಿಸಿ ನೋಡಿದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು, ಬೆಲೆ ಎಷ್ಟು, ತಯಾರಾದ ತಿಂಗಳು ಯಾವುದು, ಐಎಂಇಐ ನಂಬರ್, ಎಲ್ಲ ಇತ್ತು. ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಅನ್ನುವುದು ಎಲ್ಲೂ ಇರಲಿಲ್ಲ. ಅದನ್ನು ಹೇಳಿದಾಗ ಕಾಕಾ ಕಪ್ಪು ಕೆಳಗಿಟ್ಟು ಕೇಳಿದರು: "ಬೀಜದ ಚೀಲದ ಮ್ಯಾಲ ಯಾವಾಗಿನ ತನಕ ನಡೀತದ ಅಂತ ಬರದಿರ್ತಾರ. ಇದಕ್ಯಾಕ ಬರದಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬರೆಯಲು ಆಗದ್ದೇನಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಇದಕ್ಕೆ ಕಾನೂನೇ ಇದೆ. ಇಂಟರ್‌ನೆಟ್‌ಗೆ ಸೇರುವ ಸಾಧನಗಳಿಗೆ ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಅಂತ ಕಂಪನಿ ಬಹಿರಂಗವಾಗಿ ಹೇಳಲೇಬೇಕು. ನಮ್ಮ ಕಾಕಾನ ಫೋನಿಗೂ ಅದು ಬೇಕಲ್ಲ? ಒಂದು ವರ್ಷದ ತೊಗರಿಯ ದುಡ್ಡು ಅದರೊಳಗೇ ಓಡಾಡುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಮೋಸವಾದರೆ 1930ಕ್ಕೆ ಫೋನ್ ಮಾಡಿ ಅಂತ ನಮಗೆ ಎಲ್ಲರೂ ಹೇಳುತ್ತಾರೆ. ಹೇಳಲಿ, ಅದೂ ಬೇಕು. ಆದರೆ ಜಾಗ್ರತೆ ಬರೀ ನಮ್ಮದೇ ಕೆಲಸವಾ?

ಸೂಪರ್ ಮಾರ್ಕೆಟ್‌ನ ಒಂದು ಮೊಬೈಲ್ ಅಂಗಡಿಗೆ ಹೋದೆವು. ಹುಡುಗ ಕ್ಯಾಮೆರಾ ತೋರಿಸಲು ಶುರು ಮಾಡಿದ. ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ ಅಂತ ಕೇಳಿದೆ. "ಅದ್ಯಾರೂ ಕೇಳಂಗಿಲ್ರಿ ಸರ್" ಅಂದ. ಗೊತ್ತಿಲ್ಲದಿದ್ದರೂ ಹುಡುಗ ಒಳ್ಳೆಯವನು. ತನ್ನ ಫೋನಿನಲ್ಲೇ ಕಂಪನಿಗಳ ವೆಬ್‌ಸೈಟ್ ತೆಗೆದು ಕೂತ. ಒಂದು ಕಂಪನಿಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಇನ್ನೊಂದರದು ಯಾವುದೋ ಪುಟದ ತಳದಲ್ಲಿ ಸಿಕ್ಕಿತು. ಕಾಕಾ ಅದನ್ನೇ ಆರಿಸಿದರು, ಪಕ್ಕದಲ್ಲಿದ್ದ ಜಾಸ್ತಿ ಮೆಗಾಪಿಕ್ಸೆಲ್ಲಿನದನ್ನು ಬಿಟ್ಟು. ಬಿಲ್ ಮೇಲೆ ಆ ತಾರೀಖು ಬರೆದು ಸಹಿ ಹಾಕು ಅಂತ ಪಟ್ಟು ಹಿಡಿದರು. ಹುಡುಗ ಮಾಲೀಕರ ಕಡೆ ನೋಡಿದ. ಅವರು ತಲೆಯಾಡಿಸಿದರು. ಬಿಲ್ಲಿನ ಕೆಳಗೆ ಪೆನ್ನಿನಲ್ಲಿ ಬರೆದುಕೊಟ್ಟ.

ಹೊಸ ಫೋನಿಗೆ ಆ್ಯಪ್ ಹಾಕುವುದೂ ಸುಲಭವಾಗಲಿಲ್ಲ. ಸಿಮ್ ಗುರುತಿಸಲು ಕಾಕಾನ ನಂಬರಿನಿಂದಲೇ ಬ್ಯಾಂಕಿಗೊಂದು ಎಸ್‌ಎಂಎಸ್ ಹೋಗಬೇಕು. ಅವರ ರೀಚಾರ್ಜಿನಲ್ಲಿ ಎಸ್‌ಎಂಎಸ್ ಇರಲಿಲ್ಲ. ಅದು ಆ್ಯಪ್ ಹೇಳಲಿಲ್ಲ, ನಾವೇ ಕಂಡುಕೊಳ್ಳಬೇಕಾಯಿತು. ರೀಚಾರ್ಜ್ ಮಾಡಿಸಿ, ಹಳೆಯ ಫೋನಿನಲ್ಲಿದ್ದ ಫೋಟೋ ಎಲ್ಲ ತೆಗೆದಿಟ್ಟು, ಅದನ್ನು ಪೂರ್ತಿ ಅಳಿಸಿ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಕಾಕಾ ಆಳಂದದ ಬಸ್ಸು ಹತ್ತಿದರು.

ಮರುದಿನ ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿದೆ. ಫೋನ್ ಕೆಟ್ಟಿದೆ ಅನ್ನುವುದು ನನ್ನ ದೂರಲ್ಲ ಅಂತ ಮೊದಲೇ ಹೇಳಿದೆ. ಭದ್ರತಾ ಅಪ್‌ಡೇಟ್ ಮುಗಿಯುವ ತಾರೀಖು ಬೆಲೆಯ ಪಕ್ಕದಲ್ಲೇ ಡಬ್ಬಿ ಮೇಲೆ ಅಚ್ಚಾಗಬೇಕು. ಅದು ಮುಗಿದ ದಿನ ಹಸಿರು ಟಿಕ್ ತೆಗೆದು, ಮುಗಿದಿದೆ ಅಂತ ಫೋನಿನ ಭಾಷೆಯಲ್ಲೇ ಹೇಳಬೇಕು. ಇವೆರಡನ್ನೂ ಬರೆದುಕೊಳ್ಳಿ ಅಂದೆ. ಬರೆದುಕೊಂಡು ದೂರಿನ ನಂಬರ್ ಕೊಟ್ಟಿದ್ದಾರೆ.