ಕಿಟಕಿ ಸೋರಿದರೆ ಸಿಲಿಕಾನ್ ಬಳಿದರೆ ಸಾಲದೇ?

ತುಳುನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆ ಹತ್ತಿರವಾಗುತ್ತಿದ್ದಂತೆ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: “ಮಾಷ್ಟ್ರೇ, ಮಾರುತಿ ಓಮ್ನಿ ವ್ಯಾನಿನ ಬದಿಯ ಗಾಜಿನಿಂದ ನೀರು ಇಳಿಯುತ್ತದೆ, ಸುತ್ತಲೂ ಒಂದಿಷ್ಟು ಸಿಲಿಕಾನ್ ಬಳಿದರೆ ಸಾಲದೇ?” ಸಾಲದು. ಗಾಜನ್ನು ತೆಗೆಯಬೇಕು, ಅದು ಕುಳಿತಿದ್ದ ತಗಡಿನ ಅಂಚನ್ನು ಕಣ್ಣಾರೆ ನೋಡಬೇಕು, ತುಕ್ಕಿದ್ದರೆ ಅದನ್ನು ಮುಗಿಸಿ, ಗಾಜಿನ ಸುತ್ತಲಿನ ರಬ್ಬರ್ ಪಟ್ಟಿಯಾದ ಹೊಸ ಬೀಡಿಂಗ್‌ನಲ್ಲಿ ಗಾಜನ್ನು ಮತ್ತೆ ಕೂರಿಸಬೇಕು.

ನಾನೂ ಮೊದಲು ಸಿಲಿಕಾನ್ ಬಳಿಸಿದವನೇ. ಪೇಟೆಯ ಒಬ್ಬರು ಹತ್ತು ನಿಮಿಷದಲ್ಲಿ ಗಾಜಿನ ಸುತ್ತ ಬಳಿದುಕೊಟ್ಟರು, ಆ ವರ್ಷದ ಮಳೆಗಾಲ ಹೇಗೋ ಕಳೆಯಿತು. ಮರುವರ್ಷ ಅಡಿಕೆ ಗೋಣಿಯ ತಳ ಒದ್ದೆಯಾದಾಗ ಗಾಜನ್ನು ತೆಗೆದು ನೋಡಿದರೆ, ಹಿಂದಿನ ಕೆಳಮೂಲೆಯಲ್ಲಿ ತಗಡು ಹಪ್ಪಳದಂತೆ ಪದರ ಪದರವಾಗಿ ಬೆರಳಿಗೇ ಕಳಚಿ ಬಂತು. ಹೊರಗಿನಿಂದ ಬಳಿದ ಪದರ ಒಂದು ಬದಿಯಲ್ಲಿ ಬಿಟ್ಟುಕೊಂಡಿತ್ತು, ಅಲ್ಲಿಂದ ಒಳಹೋದ ನೀರಿಗೆ ಹೊರಬರುವ ದಾರಿಯನ್ನು ಉಳಿದ ಪದರವೇ ಮುಚ್ಚಿತ್ತು. ಇನ್ನೊಂದು ಸಂಗತಿಯೂ ಇದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಲಿಕಾನ್ ಒಣಗುವಾಗ ವಿನೆಗರಿನ ಹುಳಿವಾಸನೆ ಬರುವುದನ್ನು ನೀವು ಗಮನಿಸಿರಬಹುದು. ಅದು ಅಸಿಟಿಕ್ ಆಮ್ಲ, ಬಣ್ಣ ಹೋದ ಕಬ್ಬಿಣದ ಮೇಲೆ ಅದನ್ನು ಬಳಿಯುವುದೆಂದರೆ ತುಕ್ಕಿಗೆ ನಾವೇ ಗೊಬ್ಬರ ಹಾಕಿದಂತೆ.

ಹಿಂಭಾಗದ ಬದಿಯ ಈ ಗಾಜನ್ನು ಹಿಡಿದಿರುವುದು ಅಂಟಲ್ಲ, ಬೀಡಿಂಗ್. ಅದರ ಒಂದು ಸೀಳಿನಲ್ಲಿ ಗಾಜಿನ ಅಂಚು ಕೂರುತ್ತದೆ, ಎದುರಿನ ಸೀಳು ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ಬೀಡಿಂಗ್ ಬಿರುಸಾಗಿ ಕುಗ್ಗಿದಾಗ ಎರಡೂ ಹಿಡಿತ ಸಡಿಲವಾಗುತ್ತದೆ. ಮನೆಯ ಹಿಂದೆ ರಬ್ಬರ್ ತೋಟವಿರುವ ನಮ್ಮವರು ಇದನ್ನೂ ಅದೇ ರಬ್ಬರ್ ಎಂದು ಭಾವಿಸುವುದುಂಟು. ಆದರೆ ಮರದ ಹಾಲಿನಿಂದಾದ ರಬ್ಬರ್ ಬಿಸಿಲು ಮತ್ತು ಓಝೋನ್‌ಗೆ ಬೇಗ ಬಿರಿಯುವುದರಿಂದ ಕಿಟಕಿಗೆ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರನ್ನು ಬಳಸುತ್ತಾರೆ. ಇದು ಬಿಸಿಲು ಮಳೆಗೆ ಬಗ್ಗದಿದ್ದರೂ ಪೆಟ್ರೋಲಿಯಂ ಎಣ್ಣೆ ತಗಲಿದರೆ ಉಬ್ಬಿ ಹಾಳಾಗುತ್ತದೆ. ಹೊಳಪು ಬರಲೆಂದು ಡೀಸೆಲ್ ಅಥವಾ ಕರಿ ಆಯಿಲ್ ಹಚ್ಚುವವರು ಇದನ್ನು ನೆನಪಿಡಬೇಕು.

ಗಾಜಿಗೆ ಕೈಹಾಕುವ ಮೊದಲು ನೀರು ಅಲ್ಲಿಂದಲೇ ಬರುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಛಾವಣಿಯ ಅಂಚಿನ ನೀರುಕಾಲುವೆಯ ಜೋಡಣೆ ಬಿರಿದಿದ್ದರೂ ನೀರು ಕಂಬದೊಳಗೆ ಇಳಿದು ಕಿಟಕಿಯ ಕೆಳಗೇ ಕಾಣಿಸಿಕೊಳ್ಳಬಹುದು. ಕಿಟಕಿಯ ಒಳಬದಿಯಲ್ಲಿ ಸುತ್ತಲೂ ಹಳೆಯ ಪತ್ರಿಕೆಯ ಪಟ್ಟಿಗಳನ್ನು ಸಿಕ್ಕಿಸಿ, ಒಬ್ಬರನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ತೋಟದ ಪೈಪಿನಿಂದ ಒತ್ತಡವಿಲ್ಲದೆ ಮೊದಲು ಕೆಳಅಂಚಿಗೆ, ಆಮೇಲೆ ಬದಿಗಳಿಗೆ, ಕೊನೆಗೆ ಮೇಲಕ್ಕೆ ನೀರು ಬಿಡಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಕಡೆಗೂ ಹರಿದು ಯಾವ ಪಟ್ಟಿ ಮೊದಲು ನೆನೆಯಿತೆಂಬುದೇ ತಿಳಿಯುವುದಿಲ್ಲ. ಜಾರುವ ಗಾಜಿನ ಕಿಟಕಿಯಾದರೆ ಕೆಳಗಿನ ಓಣಿಯಲ್ಲಿ ನೀರು ಹೊರಹೋಗುವ ರಂಧ್ರಗಳನ್ನು ನೋಡಿ. ಕೆಂಪು ದೂಳು ಕಟ್ಟಿ ಅವು ಮುಚ್ಚಿದ್ದರೆ ಒಂದು ಸಣ್ಣ ತಂತಿಯಲ್ಲಿ ಕೆಲಸ ಮುಗಿಯುತ್ತದೆ.

ಹಳೆಯ ಬೀಡಿಂಗನ್ನು ಉಳಿಸಿಕೊಳ್ಳುವ ಆಸೆ ಬೇಡ. ಹೊರಬದಿಯ ತುಟಿಯನ್ನು ಬ್ಲೇಡಿನಿಂದ ಸುತ್ತಲೂ ಕೊಯ್ದರೆ ಗಾಜು ಸಲೀಸಾಗಿ ಬರುತ್ತದೆ, ಆದರೆ ಹೊರಗೆ ಒಬ್ಬರು ಎರಡೂ ಕೈಯಲ್ಲಿ ಅದನ್ನು ಹಿಡಿದಿರಬೇಕು. ಸ್ಕ್ರೂಡ್ರೈವರ್ ಬಳಸಬಾರದು. ಹದಗೊಳಿಸಿದ ಈ ಗಾಜು ನಡುವಿನಲ್ಲಿ ಗುದ್ದಿದರೂ ತಡೆದುಕೊಂಡೀತು, ಅಂಚಿಗೆ ಕಬ್ಬಿಣದ ತುದಿ ತಾಗಿದರೆ ಒಂದೇ ಕ್ಷಣದಲ್ಲಿ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ನಾನು ಬಳಸುವುದು ನಯವಾಗಿ ಕೆತ್ತಿ ಉಜ್ಜಿದ ಅಡಿಕೆ ಮರದ ಸೀಳನ್ನು. ಒಡೆದೇ ಹೋಯಿತೆಂದು ಮನೆಯ ಕಿಟಕಿಯ ಗಾಜನ್ನು ಕತ್ತರಿಸಿ ಹಾಕಿಸಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಲ್ಲಿ ಸುರಕ್ಷಾ ಗಾಜೇ ಇರಬೇಕು.

ಇನ್ನು ತಗಡು. ನಿಜವಾದ ಕೆಲಸ ಇದೇ, ಹೆಚ್ಚಿನವರು ಅವಸರ ಮಾಡುವುದೂ ಇಲ್ಲಿಯೇ. ಹಳೆಯ ಅಂಟನ್ನೆಲ್ಲ ಕೆರೆದು, ತಂತಿಬ್ರಶ್ಶಿನಿಂದಲೂ ಉಜ್ಜುಕಾಗದದಿಂದಲೂ ಹೊಳೆಯುವ ಲೋಹ ಕಾಣುವವರೆಗೆ ತಿಕ್ಕಬೇಕು. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರವವನ್ನು ಹಚ್ಚಿದರೆ ಅದು ಕಬ್ಬಿಣದ ಫಾಸ್ಫೇಟ್ ಆಗಿ ಕಪ್ಪಗಾಗುತ್ತದೆ. ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ತೂತು ಬಿದ್ದಿದ್ದರೆ ಪುಟ್ಟಿ ಮೆತ್ತದೆ ಟಿಂಕರಿಂಗ್‌ನವರಲ್ಲಿ ಹೊಸ ತಗಡನ್ನು ವೆಲ್ಡ್ ಮಾಡಿಸಬೇಕು, ಏಕೆಂದರೆ ಬೀಡಿಂಗ್‌ಗೆ ಕಚ್ಚಿಕೊಳ್ಳಲು ಗಟ್ಟಿಯಾದ ಅಂಚು ಬೇಕು. ಬಣ್ಣ ಪೂರ್ತಿ ಒಣಗಲು ಕೆಲವು ದಿನ ಬಿಡಬೇಕಾದ್ದರಿಂದಲೇ ಈ ಕೆಲಸಕ್ಕೆ ಮಾರ್ಚ್, ಏಪ್ರಿಲ್ ಒಳ್ಳೆಯದು ಎನ್ನುತ್ತೇನೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಮೇ ಕೊನೆಯ ವಾರದಲ್ಲಿ ಗಾಜು ಬಿಚ್ಚುವುದು ಧೈರ್ಯವಲ್ಲ. ಓಮ್ನಿಯ ತಯಾರಿಕೆ 2019ರಲ್ಲೇ ನಿಂತಿರುವುದರಿಂದ ಇಂದು ಅತ್ಯಂತ ಹೊಸದೆನಿಸಿದ್ದೂ ಅಂಥ ಹಲವು ಮಳೆಗಾಲಗಳನ್ನು ಕಂಡದ್ದೇ.

ಕೂರಿಸುವುದಕ್ಕೆ ಇಬ್ಬರು ಬೇಕು. ಬಿಸಿಲಿನಲ್ಲಿಟ್ಟು ಮೆತ್ತಗಾದ ಹೊಸ ಬೀಡಿಂಗನ್ನು ಮೊದಲು ಗಾಜಿಗೆ ತೊಡಿಸಿ, ಅದರ ಜೋಡಣೆ ನೀರು ನಿಲ್ಲುವ ಕೆಳಮೂಲೆಗೆ ಬಾರದಂತೆ ನೋಡಿಕೊಳ್ಳಬೇಕು. ತಗಡು ಕೂರುವ ಸೀಳಿನಲ್ಲಿ ನಾಲ್ಕು ಮಿಲಿಮೀಟರ್ ದಪ್ಪದ ನೈಲಾನ್ ಹುರಿಯನ್ನು ಸುತ್ತಲೂ ತುಂಬಿ, ತುದಿಗಳನ್ನು ಕೆಳನಡುವಿನಲ್ಲಿ ಒಂದು ಗೇಣು ಒಂದರ ಮೇಲೊಂದು ಬರುವಂತೆ ಒಳಬದಿಗೆ ಬಿಡಬೇಕು. ಜಾರಲು ಸೋಪಿನ ನೀರು ಸಾಕು. ನಾನು ಅಂಟುವಾಳದ ನೊರೆಯನ್ನೇ ಬಳಸುತ್ತೇನೆ, ಪಾತ್ರೆ ತೊಳೆಯುವ ದ್ರವದಲ್ಲಿ ಉಪ್ಪು ಬೆರೆತಿರುವುದುಂಟು. ಹೊರಗಿನವರು ಅಂಗೈಯಿಂದ ಗಾಜನ್ನು ಒತ್ತುತ್ತಿರುವಾಗ ಒಳಗಿನವರು ಹುರಿಯನ್ನು ನಿಧಾನವಾಗಿ ಎಳೆದರೆ, ಅದು ಬಿಡಿಸಿಕೊಂಡು ಬರುವ ಜಾಗದಲ್ಲೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ‘ಪಟಕ್’ ಎಂದು ಕೂರುತ್ತದೆ. ಒತ್ತುವ ಕೈ ಎಳೆಯುವ ಕೈಯ ಜೊತೆಜೊತೆಗೇ ಸಾಗಬೇಕು. ತಮ್ಮನ ಮಗ ಮೊದಲ ಸಲ ಮುಂದಕ್ಕೆ ಒತ್ತಿ ಒಂದು ಮೂಲೆ ಮಡಚಿಕೊಂಡು, ನಾವು ಹುರಿ ತುಂಬುವುದರಿಂದ ಮತ್ತೆ ಶುರುಮಾಡಬೇಕಾಯಿತು.

ಹಾಗಾದರೆ ಅಂಟೇ ಬೇಡವೇ? ಬೇಕು, ಆದರೆ ಒಳಪದರಗಳಲ್ಲಿ, ಅದೂ ಗಟ್ಟಿಯಾಗದ ಬ್ಯೂಟೈಲ್ ಜಾತಿಯದು. ಒಳಗಿನ ನೀರು ಆರಿದ ಮೇಲೆ ತುಟಿಯನ್ನು ಅದೇ ಮರದ ಸೀಳಿನಿಂದ ಮೆಲ್ಲಗೆ ಎತ್ತಿ, ಗಾಜಿನ ಕಡೆಗೂ ತಗಡಿನ ಕಡೆಗೂ ತೆಳ್ಳಗೆ ಒಂದೊಂದು ಗೆರೆ ಎಳೆದರೆ ಆಯಿತು. ಬಲಬದಿಯ ಗಾಜಿನ ಕೆಳಗೆ ಸಿಕ್ಕಿಸಿದ ಪತ್ರಿಕೆ ಕಳೆದ ಮಳೆಗಾಲದಲ್ಲಿ ನೆನೆಯಲಿಲ್ಲ. ಎಡಬದಿಯ ಗಾಜು ಈ ಬೇಸಿಗೆಗೆ ಬಾಕಿ ಇದೆ, ಅದರ ಕೆಳಮೂಲೆಯಲ್ಲಿ ಬಣ್ಣ ಉಬ್ಬಲು ತೊಡಗಿದೆ.