ಪ್ರೋಬ್ ಹೊರಗೆ ಬಂದ ಮೇಲಿನ ಅರ್ಧ ನಿಮಿಷ

ಶ್ವಾಸಕೋಶದ ಅಂಚಿನಲ್ಲಿ ಕೂತ ಗಂಟನ್ನು ಅಲ್ಟ್ರಾಸೌಂಡಿನಲ್ಲಿ ಹುಡುಕುವುದನ್ನು ಯಾರು ಬೇಕಾದರೂ ಸ್ವಲ್ಪ ಕಾಲದಲ್ಲಿ ಕಲಿಯಬಹುದು. ಪೇಚಾಟ ಇರುವುದೆಲ್ಲ ಆಮೇಲೆ, ಕಂಡ ಜಾಗಕ್ಕೇ ಇನ್ನೊಂದು ಸಲ ಹೋಗಿ ಚೂರು ಕಿತ್ತುಕೊಂಡು ಬರುವಾಗ. ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆಯ ಬ್ರಾಂಕೋಸ್ಕೋಪಿ ಕೋಣೆಯಲ್ಲಿ ನಾನು ಟೆಕ್ನಿಷಿಯನ್. ಬ್ರಾಂಕೋಸ್ಕೋಪಿ ಅಂದರೆ ಕ್ಯಾಮೆರಾ ಇರುವ ತೆಳು ಕೊಳವೆಯನ್ನು, ಅಂದರೆ ಸ್ಕೋಪನ್ನು, ಶ್ವಾಸನಾಳಕ್ಕೆ ಇಳಿಸಿ ನೋಡುವುದು. ಹೊಸದಾಗಿ ಸೇರುವ ಹುಡುಗರು ಮೊದಲ ದಿನವೇ ಮಾನಿಟರಿನ ಎದುರು ನಿಲ್ಲುತ್ತಾರೆ. ನಾನು ಅವರನ್ನು ನನ್ನ ಪಕ್ಕಕ್ಕೆ ಕರೆದು, ಸ್ಕೋಪಿನ ಒಳಗಿಂದ ಕಳಿಸುವ ಕ್ಯಾತೆಟರಿನ, ಅಂದರೆ ತೆಳು ಕೊಳವೆಯ, ಹಿಂಬದಿ ತೋರಿಸುತ್ತೇನೆ. ಅಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ, ಸ್ಟಾಪರ್. ಅಳೆದ ಉದ್ದಕ್ಕಿಂತ ಮುಂದೆ ಹೋಗದಂತೆ ತಡೆಯುವುದು ಅದೇ. ಅದು ಸಡಿಲಾಗಿದ್ದರೆ ಪರದೆಯ ಮೇಲೆ ಎಷ್ಟು ಚೆಂದದ ಚಿತ್ರ ಬಂದರೂ ರೋಗಿಗೆ ಅದರಿಂದ ಲಾಭ ಇಲ್ಲ.

ಈ ಕೆಲಸದ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಬ್ರಾಂಕೋಸ್ಕೋಪಿಯಲ್ಲಿ ಬಳಸುವ ಅಲ್ಟ್ರಾಸೌಂಡಿಗೆ ನಾವು ಈಬಸ್ ಎನ್ನುತ್ತೇವೆ. ಅದರಲ್ಲಿ ಎರಡು ಬಗೆ. ಲೀನಿಯರ್ ಈಬಸ್‌ನಲ್ಲಿ ಸ್ಕೋಪಿನ ತುದಿಯಲ್ಲೇ ಅಲ್ಟ್ರಾಸೌಂಡ್ ಕೂತಿರುತ್ತದೆ. ಶ್ವಾಸನಾಳಕ್ಕೆ ಒತ್ತಿಕೊಂಡಿರುವ ಗ್ರಂಥಿಗಳಿಗೆ ಸೂಜಿ ಹೋಗುವುದನ್ನು ಕಣ್ಣಾರೆ ನೋಡುತ್ತಲೇ ಚುಚ್ಚಬಹುದು. ರೇಡಿಯಲ್ ಈಬಸ್ ಹಾಗಲ್ಲ. ಅದು 1.4 ಮಿ.ಮೀ. ದಪ್ಪದ ಉದ್ದನೆಯ ತಂತಿಯಂಥ ಪ್ರೋಬ್. ಸ್ಕೋಪಿನ ಉದ್ದಕ್ಕೂ ಇರುವ ಟೊಳ್ಳು ದಾರಿಯ, ಅಂದರೆ ಚಾನೆಲಿನ, ಒಳಗಿಂದ ಹಾಯಿಸಿ, ಸ್ಕೋಪ್ ಹೋಗಲಾರದ ಸಣ್ಣ ಸಣ್ಣ ಕವಲುಗಳಿಗೆ ಕಳಿಸುವುದು. ಒಳಗಿನ ತುದಿ ಗಿರಗಿರ ತಿರುಗುತ್ತ ಸುತ್ತಲಿನ 360 ಡಿಗ್ರಿ ಚಿತ್ರ ಕೊಡುತ್ತದೆ. ಅದರ ಅಲ್ಟ್ರಾಸೌಂಡ್ 20 ಮೆಗಾಹರ್ಟ್ಜ್‌ನದು, ಅಂದರೆ ಅಲೆಯ ಉದ್ದ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಹಾಗಾಗಿ ಚಿತ್ರ ಬಹಳ ಸ್ಪಷ್ಟ, ಆದರೆ ಹೆಚ್ಚು ಆಳಕ್ಕೆ ಕಾಣುವುದಿಲ್ಲ.

ಗಾಳಿ ತುಂಬಿದ ಶ್ವಾಸಕೋಶ ಅಲ್ಟ್ರಾಸೌಂಡಿಗೆ ಶತ್ರು. ಗಾಳಿಗೆ ತಾಗಿದ ಅಲೆ ಹೆಚ್ಚುಕಡಿಮೆ ಪೂರ್ತಿ ಹಿಂದಿರುಗುತ್ತದೆ, ಪರದೆ ತುಂಬ ಬಿಳಿ ಹರಳು ಚೆಲ್ಲಿದಂತೆ ಕಾಣುತ್ತದೆ. ವಿಚಿತ್ರ ಏನೆಂದರೆ ನಮಗೆ ಅನುಕೂಲ ಆಗುವುದೂ ಅದರಿಂದಲೇ. ಗಂಟಿನಲ್ಲಿ ಗಾಳಿ ಇಲ್ಲ, ಆ ಬಿಳಿಯ ನಡುವೆ ಅದು ಬೂದು ಬಣ್ಣದಲ್ಲಿ, ಅಂಚು ಹೊಳೆಯುತ್ತ ಎದ್ದು ಕಾಣುತ್ತದೆ. ಇದೇ ಕಾರಣಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ: ಆ ಭಾಗಕ್ಕೆ ಸಲೈನ್ ಬಿಟ್ಟು ತೊಳೆಯುವುದು ಅಲ್ಟ್ರಾಸೌಂಡ್ ಆದ ಮೇಲೆಯೇ. ಮೊದಲೇ ತೊಳೆದರೆ ನೀರು ನಿಂತ ಜಾಗವೂ ಬೂದಾಗಿ ಕಂಡು ಗಂಟಿನ ವೇಷ ಹಾಕುತ್ತದೆ. ರಕ್ತ ಬಂದರೂ ಹಾಗೆಯೇ. ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿದವರಲ್ಲಿ ಶ್ವಾಸಕೋಶದ ಕೆಳಬದಿ ಕುಸಿದು ಕೂತರೆ ಅದೂ ಗಂಟಿನಂತೆಯೇ ಕಾಣುತ್ತದೆ. ಸಿ.ಟಿ.ಯಲ್ಲಿ ಇದ್ದ ಜಾಗಕ್ಕೂ ಪರದೆಯಲ್ಲಿ ಕಂಡ ಜಾಗಕ್ಕೂ ತಾಳೆ ಆಗದಿದ್ದರೆ ಸಂಭ್ರಮ ಪಡದೆ ಕಾಯುವುದು ಒಳ್ಳೆಯದು.

ಈಗ ಅಸಲು ತೊಂದರೆಗೆ ಬರುತ್ತೇನೆ. ನಮ್ಮ ಸಣ್ಣ ಸ್ಕೋಪಿನ ಚಾನೆಲ್ 2 ಮಿ.ಮೀ. ಅದರಲ್ಲಿ ಒಂದು ಸಲಕ್ಕೆ ಒಂದೇ ಸಾಮಾನು ಹೋಗುವುದು. ಪ್ರೋಬ್ ಇದ್ದಾಗ ಚೂರು ಕೀಳುವ ಚಿಮಟ, ಅಂದರೆ ಫೋರ್ಸೆಪ್ಸ್, ಇಲ್ಲ, ಫೋರ್ಸೆಪ್ಸ್ ಹೋಗುವಾಗ ಪ್ರೋಬ್ ಇಲ್ಲ. ಗಂಟು ಸಿಕ್ಕಿತು ಎಂದು ಡಾಕ್ಟರು ಹೇಳಿದ ಕ್ಷಣದಿಂದ ಫೋರ್ಸೆಪ್ಸ್ ಅಲ್ಲಿಗೆ ಮುಟ್ಟುವ ತನಕ ಒಂದು ಅರ್ಧ ನಿಮಿಷ ಕೋಣೆಯಲ್ಲಿ ಯಾರಿಗೂ ಒಳಗಿನದು ಕಾಣುವುದಿಲ್ಲ. ಸಿ-ಆರ್ಮ್‌ನ ಎಕ್ಸ್‌ರೇಯಲ್ಲಿ ತುದಿ ಕಾಣುತ್ತದೆ ಹೌದು, ಆದರೆ ಸಣ್ಣ ಗಂಟುಗಳು ಎಷ್ಟೋ ಸಲ ಅದರಲ್ಲಿ ಮೂಡುವುದೇ ಇಲ್ಲ. ಅಷ್ಟರಲ್ಲಿ ರೋಗಿ ಒಮ್ಮೆ ಕೆಮ್ಮಿದರೆ ಮುಗಿಯಿತು. ಶ್ವಾಸಕೋಶದ ಕೆಳಭಾಗದ ಹಾಲೆ, ಅಂದರೆ ಲೋಬ್, ಆದರೆ ಕೆಮ್ಮೂ ಬೇಡ, ಉಸಿರಾಟಕ್ಕೇ ಗಂಟು ಮೇಲೆ ಕೆಳಗೆ ಹೋಗಿ ಬರುತ್ತಿರುತ್ತದೆ.

ಇದಕ್ಕೆ ದಾರಿ ಕಂಡುಹಿಡಿದವರು ಜಪಾನಿನವರು. ನೊರಿಯಾಕಿ ಕುರಿಮೊಟೊ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವಿಧಾನ ಅದು. ಪ್ರೋಬ್‌ಗೆ ಹೊರಗಿನಿಂದ ಒಂದು ತೆಳು ಕೊಳವೆ ತೊಡಿಸಿ ಎರಡನ್ನೂ ಒಟ್ಟಿಗೆ ಕಳಿಸುವುದು, ಗಂಟು ಸಿಕ್ಕಿದ ಮೇಲೆ ಪ್ರೋಬ್ ಮಾತ್ರ ಎಳೆದು ಕೊಳವೆಯನ್ನು ಅಲ್ಲೇ ಬಿಡುವುದು. ಆ ಕೊಳವೆಗೆ ಗೈಡ್ ಶೀತ್ ಎನ್ನುತ್ತಾರೆ. 2 ಮಿ.ಮೀ. ಚಾನೆಲಿಗೆ ಹೋಗುವ ಶೀತ್ 1.95 ಮಿ.ಮೀ., ಅಂದರೆ ಕೂದಲೆಳೆ ಅಂತರ. ಜೀವಕೋಶ ಉಜ್ಜಿ ತೆಗೆಯುವ ಬ್ರಶ್, ಫೋರ್ಸೆಪ್ಸ್ ಎಲ್ಲ ಆ ಶೀತ್ ಒಳಗಿಂದಲೇ ಹೋಗುತ್ತವೆ. ಚೂರು ತೆಗೆದಾಗ ರಕ್ತ ಬಂದರೆ ಶೀತ್ ಆ ಕವಲಿಗೆ ಬಿರಡೆಯಾಗಿ ನಿಂತು ಮುಖ್ಯ ನಾಳಕ್ಕೆ ಹರಿಯದಂತೆ ತಡೆಯುತ್ತದೆ, ಅದು ಹೆಚ್ಚಿನ ಲಾಭ. ಅವರ ಅದೇ ವರದಿಯಲ್ಲಿ ಒಂದು ಲೆಕ್ಕ ಇದೆ, ನಾನು ಹೊಸಬರಿಗೆ ಅದನ್ನು ಬಾಯಿಪಾಠ ಮಾಡಿಸುತ್ತೇನೆ: ಪ್ರೋಬ್ ಗಂಟಿನ ಒಳಗೆ ಇದ್ದಾಗ ರೋಗ ಪತ್ತೆಯಾದದ್ದು 87 ಶೇಕಡಾ, ಗಂಟಿನ ಪಕ್ಕಕ್ಕೆ ತಾಗಿಕೊಂಡು ಮಾತ್ರ ಇದ್ದಾಗ 42.

ಪಕ್ಕಕ್ಕೆ ತಾಗಿಕೊಂಡ ಚಿತ್ರದಲ್ಲಿ ಇನ್ನೊಂದು ಮೋಸ ಉಂಟು. ಪರದೆಯ ಬಲಕ್ಕೆ ಬೂದು ಕಂಡಿತು ಎಂದುಕೊಳ್ಳಿ. ಅದು ರೋಗಿಯ ಬಲವೂ ಅಲ್ಲ, ಸ್ಕೋಪಿನ ಬಲವೂ ಅಲ್ಲ. ತಿರುಗುವ ಪ್ರೋಬ್‌ಗೆ ಮೇಲೆ ಕೆಳಗೆ ಗೊತ್ತಿಲ್ಲ. ಹಾಗಾಗಿ ನಮ್ಮ ಡಾಕ್ಟರು ಸ್ಕೋಪನ್ನು ಸ್ವಲ್ಪ ಬಗ್ಗಿಸಿ, ಬೂದು ಹತ್ತಿರ ಬಂತಾ ದೂರ ಹೋಯ್ತಾ ನೋಡಿ, ಇಲ್ಲವಾದರೆ ಪಕ್ಕದ ಕವಲಿಗೆ ಹೋಗಿ ಪುನಃ ಹುಡುಕುತ್ತಾರೆ. ಇದಕ್ಕೆ ತಾಳ್ಮೆ ಬೇಕು. ಮಧ್ಯಾಹ್ನದ ಒ.ಪಿ.ಯಲ್ಲಿ ರೋಗಿಗಳು ಕಾಯುತ್ತಿರುವಾಗ ತಾಳ್ಮೆ ಕಡಿಮೆ ಇರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಹಿಂಬದಿಯ ಅಳತೆ ಶುರುವಾಗುವುದು ರೋಗಿ ಕೋಣೆಗೆ ಬರುವ ಮೊದಲು. ಟ್ರಾಲಿಯ ಮೇಲೆ ಹಸಿರು ಬಟ್ಟೆ ಹಾಸಿ, ಪ್ರೋಬನ್ನು ಶೀತ್ ಒಳಗೆ ಹಾಕಿ, ಅದರ ತುದಿ ಶೀತ್‌ನಿಂದ ಎಷ್ಟು ಹೊರಗೆ ಇಣುಕಬೇಕೋ ಅಷ್ಟಕ್ಕೆ ತಂದು ಹಿಂಬದಿಯಲ್ಲಿ ಸ್ಟಾಪರ್ ಬಿಗಿಯುತ್ತೇನೆ. ಆಮೇಲೆ ಪ್ರೋಬ್ ತೆಗೆದು ಫೋರ್ಸೆಪ್ಸ್ ಹಾಕುತ್ತೇನೆ, ಅದರ ಬಾಯಿ ಶೀತ್ ದಾಟಿ ಪೂರ್ತಿ ತೆರೆಯುವ ಜಾಗದಲ್ಲಿ ಅದಕ್ಕೊಂದು ಸ್ಟಾಪರ್. ಬ್ರಶ್‌ಗೂ ಒಂದು. ಇಲ್ಲಿ ಹೆಚ್ಚಿನವರು ಗಮನಿಸದ ಸಂಗತಿ ಇದೆ. ಪ್ರೋಬ್‌ನಲ್ಲಿ ಚಿತ್ರ ಹಿಡಿಯುವ ಭಾಗ ತುತ್ತತುದಿಯಲ್ಲಿಲ್ಲ, ಕೆಲವು ಮಿಲಿಮೀಟರ್ ಹಿಂದೆ ಇದೆ. ಪ್ರೋಬ್‌ನ ತುದಿಗೆ ಸರಿಯಾಗಿ ಫೋರ್ಸೆಪ್ಸ್ ಅಳೆದರೆ ಅದು ಗಂಟನ್ನು ದಾಟಿ ಬಾಯಿ ತೆರೆಯುತ್ತದೆ. ಎರಡು ಸೆಂಟಿಮೀಟರ್ ಗಂಟಿಗೆ ಅದು ದೊಡ್ಡ ಸಂಗತಿ ಅಲ್ಲದಿರಬಹುದು, ಒಂದು ಸೆಂಟಿಮೀಟರ್ ಗಂಟಿಗೆ ಅಲ್ಲಿಗೇ ಕೆಲಸ ಕೆಟ್ಟಿತು.

ಇದನ್ನು ರೋಗಿಯ ಮನೆಯವರಿಗೆ ಅರ್ಥ ಮಾಡಿಸುವುದು ಕಷ್ಟ ಎಂದುಕೊಂಡಿದ್ದೆ. ಬದಿಯಡ್ಕ ಕಡೆಯ ಒಬ್ಬ ಅಡಿಕೆ ಕೃಷಿಕರ ಮಗ ಸಹಿ ಹಾಕುವ ಮೊದಲು, "ಅಣ್ಣಾ, ಇಷ್ಟುದ್ದದ ವಯರು ಒಳಗೆ ಹೋದ ಮೇಲೆ ಎಲ್ಲಿಗೆ ಮುಟ್ಟಿತು ಅಂತ ನಿಮಗೆ ಹೇಗೆ ಗೊತ್ತಾಗ್ತದೆ?" ಎಂದು ಕೇಳಿದ. "ನಿಮ್ಮಲ್ಲಿ ಫೈಬರ್ ದೋಟಿ ಉಂಟಾ?" ಎಂದೆ. ಉಂಟು. ನೆಲದಲ್ಲಿ ನಿಂತು ದೋಟಿಯ ಒಂದೊಂದೇ ತುಂಡು ಎಳೆದು ಉದ್ದ ಮಾಡಿ ಲಾಕ್ ಹಾಕಿದರೆ ಕತ್ತಿ ಗೊನೆಯ ಬುಡಕ್ಕೇ ಮುಟ್ಟುತ್ತದೆ, ಒಂದು ಲಾಕ್ ಜಾರಿದರೂ ಮೇಲೆ ಕತ್ತಿ ಎಲ್ಲೋ ಇರುತ್ತದೆ. ಅವನಿಗೆ ಮತ್ತೆ ಏನೂ ಹೇಳಬೇಕಾಗಲಿಲ್ಲ. "ಹಾಗಾದ್ರೆ ಲಾಕ್ ಸರಿ ಉಂಟಾ ನೋಡಿಕೊಳ್ಳಿ" ಎಂದು ನನಗೇ ಬುದ್ಧಿ ಹೇಳಿ ಸಹಿ ಹಾಕಿದ.

ಅವನ ತಂದೆಯದು ಸ್ವಲ್ಪ ಬೇಸರದ ಕಥೆ. ಬಲಗಡೆ ಮೇಲಿನ ಲೋಬ್‌ನಲ್ಲಿ ನೆರಳು ಇದ್ದದ್ದು ಹಿಂದೆಯೇ ಗೊತ್ತಾಗಿ, ಬೇರೆ ಕಡೆ ಬ್ರಾಂಕೋಸ್ಕೋಪಿ ಮಾಡಿಸಿ ಚೂರು ತೆಗೆಸಿದ್ದರು. ರಿಪೋರ್ಟಿನಲ್ಲಿ, ಕಳಿಸಿದ ತುಂಡಿನಲ್ಲಿ ಕ್ಯಾನ್ಸರಿನ ಜೀವಕೋಶ ಕಾಣಲಿಲ್ಲ ಎಂದಿತ್ತು. ಮನೆಯವರು ಅದನ್ನು "ಏನೂ ಇಲ್ಲ" ಎಂದು ಓದಿಕೊಂಡರು. ಯಾರಾದರೂ ಹಾಗೆಯೇ ಓದಿಕೊಳ್ಳುತ್ತಾರೆ. ತುಂಡು ಗಂಟಿನದ್ದೋ ಪಕ್ಕದ ಒಳ್ಳೆಯ ಶ್ವಾಸಕೋಶದ್ದೋ ಎಂಬ ಪ್ರಶ್ನೆಯನ್ನು ಅವರ ಎದುರು ಯಾರೂ ಎತ್ತಲಿಲ್ಲ. ನೆರಳು ದೊಡ್ಡದಾದ ಮೇಲೆ ನಮ್ಮಲ್ಲಿಗೆ ಬಂದರು. ಮೊದಲ ಕವಲಿನಲ್ಲಿ ನಮಗೂ ಪಕ್ಕದ ಚಿತ್ರವೇ ಸಿಕ್ಕಿದ್ದು. ಡಾಕ್ಟರು ಹಿಂದೆ ಬಂದು ಮುಂದಿನ ಕವಲಿಗೆ ಹೋದಾಗ ಬೂದು ಪ್ರೋಬಿನ ಸುತ್ತಲೂ ಬಂತು. ರಿಪೋರ್ಟು ಅಡಿನೋಕಾರ್ಸಿನೋಮಾ, ಒಂದು ಬಗೆಯ ಕ್ಯಾನ್ಸರ್. ಸಂತೋಷದ ಸುದ್ದಿ ಅಲ್ಲ, ಆದರೆ ಚಿಕಿತ್ಸೆಗೆ ದಾರಿ ಆಯಿತು. ಅಂದಿನಿಂದ ನಮ್ಮ ಪ್ರೊಸೀಜರ್ ನೋಟ್‌ನಲ್ಲಿ ಚಿತ್ರ ಒಳಗಿನದ್ದೋ ಪಕ್ಕದ್ದೋ ಎಂದು ಬರೆಯದೆ ಫೈಲ್ ಮುಚ್ಚಬಾರದು ಎಂದು ಡಾಕ್ಟರಲ್ಲಿ ಹಟ ಹಿಡಿದು ಒಪ್ಪಿಸಿದ್ದೇನೆ. ಮುಂದೆ ರಿಪೋರ್ಟು ಓದುವವರಿಗೆ ಅದೊಂದು ಸಾಲು ಬೇಕು.

ಲೀನಿಯರ್ ಈಬಸ್‌ನಲ್ಲೂ ಅಳತೆಯ ಲಾಕೇ ದೊಡ್ಡದು, ಆದರೆ ಅಲ್ಲಿ ಪೆಟ್ಟು ಬೀಳುವುದು ಸ್ಕೋಪಿಗೆ. ಸೂಜಿಗೆ ಒಂದು ಹೊರಕವಚ ಇದೆ. ಅದರ ತುದಿ ಚಾನೆಲ್ ದಾಟಿ ಹೊರಗೆ ಬಂದದ್ದನ್ನು ಕ್ಯಾಮೆರಾ ಚಿತ್ರದಲ್ಲಿ ನೋಡಿ ಲಾಕ್ ಮಾಡಿದ ಮೇಲೆಯೇ ಸೂಜಿ ಬಿಡಬೇಕು. ಕವಚ ಒಳಗಿದ್ದಾಗಲೇ ಸೂಜಿ ಬಿಟ್ಟರೆ ಅದು ಸ್ಕೋಪಿನ ಚಾನೆಲನ್ನೇ ತೂತು ಮಾಡುತ್ತದೆ, ರಿಪೇರಿ ಬಿಲ್ ನೋಡಿದರೆ ಮ್ಯಾನೇಜ್‌ಮೆಂಟಿನವರಿಗೆ ಉಸಿರಾಟದ ತೊಂದರೆ ಶುರುವಾಗುತ್ತದೆ. ಸೂಜಿ ಎಷ್ಟು ಹೊರಗೆ ಹೋಗಬೇಕು ಎಂಬುದಕ್ಕೂ ಸ್ಟಾಪರ್ ಇದೆ. ಸಾಧಾರಣವಾಗಿ 20 ಮಿ.ಮೀ.ಗೆ ತಡೆ, ಅದನ್ನು ಬಿಡಿಸಿದರೆ 40ರವರೆಗೆ.

ಹೊಸ ಸಾಧನಗಳೂ ಬರುತ್ತಿವೆ. ಅಮೆರಿಕದಲ್ಲಿ 2018ರಲ್ಲಿ ಮೊನಾರ್ಕ್, 2019ರಲ್ಲಿ ಅಯಾನ್ ಎಂಬ ರೋಬೋಟ್ ಬ್ರಾಂಕೋಸ್ಕೋಪಿ ಯಂತ್ರಗಳಿಗೆ ಒಪ್ಪಿಗೆ ಸಿಕ್ಕಿತು. ಅಯಾನ್‌ನ ಕ್ಯಾತೆಟರ್ 3.5 ಮಿ.ಮೀ., ಒಳಚಾನೆಲ್ ಅದೇ 2 ಮಿ.ಮೀ. ಕ್ಯಾತೆಟರ್ ಹೋದ ಜಾಗದಲ್ಲಿ ಅಲ್ಲಾಡದೆ ನಿಲ್ಲುತ್ತದೆ, ಅದು ನಮ್ಮ ಕೈಗೆ ಆಗದ ಕೆಲಸ. ಆದರೆ ಅಲ್ಲೂ ಕ್ಯಾಮೆರಾ ತೆಗೆದು ಪ್ರೋಬ್ ಹಾಕಬೇಕು, ಪ್ರೋಬ್ ತೆಗೆದು ಸೂಜಿ ಹಾಕಬೇಕು. ಕೋಟಿಗಟ್ಟಲೆಯ ಯಂತ್ರದಲ್ಲೂ ಆ ಅರ್ಧ ನಿಮಿಷ ಉಳಿದೇ ಇದೆ. ಪ್ರೋಬನ್ನು ಕ್ಯಾತೆಟರಿನ ಹಿಂಬಾಯಿಗೆ ಕೂರಿಸಿ, ಮಿಲಿಮೀಟರ್ ಗೆರೆ ನೋಡಿ ಮುಂದೆ ಹಿಂದೆ ಸರಿಸಿ ಲಾಕ್ ಮಾಡಬಹುದಾದ ಅಡಾಪ್ಟರ್‌ಗಳ ಯೋಚನೆ ಹುಟ್ಟಿರುವುದು ಈ ಕಾರಣಕ್ಕೇ. ನನಗೆ ಅಂಥದ್ದರಲ್ಲಿ ಬೇಕಾದದ್ದು ಮೂರೇ: ಗ್ಲೌಸ್ ಹಾಕಿದ ಒಂದು ಕೈಯಲ್ಲಿ ಲಾಕ್ ಆಗಬೇಕು, ಸಲೈನ್ ತಾಗಿ ಒದ್ದೆಯಾದರೂ ಜಾರಬಾರದು, ಪ್ರೋಬಿನ ಅಳತೆಯನ್ನೇ ಸೂಜಿಗೆ ವರ್ಗಾಯಿಸಲು ಬರಬೇಕು. ತುಂಬಾ ಬಿಗಿದರೆ ಒಳಗೆ ತಿರುಗುವ ಸರಿಗೆಗೆ ಪೆಟ್ಟು, ಸಡಿಲ ಬಿಟ್ಟರೆ ಅಳತೆಗೆ ಪೆಟ್ಟು. ಇದನ್ನು ಮಾಡುವ ಎಂಜಿನಿಯರುಗಳು ಒಂದು ದಿನ ಟೆಕ್ನಿಷಿಯನ್ ಪಕ್ಕ ನಿಂತರೆ ಎಷ್ಟೋ ಕೆಲಸ ಉಳಿದೀತು ಎಂದು ನನಗನಿಸುತ್ತದೆ.

ಅಲ್ಲಿಯ ತನಕ ನಮ್ಮ ಕೋಣೆಯ ರೂಢಿ ಹೀಗಿದೆ. ಡಾಕ್ಟರ ಮಾತು ಮಲಯಾಳದಲ್ಲಿ, ಸಿಸ್ಟರ್ ಮತ್ತು ನನ್ನ ನಡುವೆ ತುಳು, ರೋಗಿ ಕನ್ನಡದವರಾದರೆ ಅವರಿಗೆ ಕನ್ನಡ. ಅಳತೆ ಮಾತ್ರ ಇಂಗ್ಲಿಷ್ ಅಂಕಿಯಲ್ಲಿ, ಗಟ್ಟಿಯಾಗಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪುನಃ ಹೇಳಬೇಕು. ಪ್ರೋಬ್ ಒಳಗೆ ಹಾಕುವಾಗ, ಹೊರಗೆ ಎಳೆಯುವಾಗ ತಿರುಗುವುದನ್ನು ಫ್ರೀಝ್ ಮಾಡಿಯೇ ಎಳೆಯಬೇಕು, ಇಲ್ಲವಾದರೆ ಪ್ರೋಬ್‌ನ ಆಯುಷ್ಯ ಕಡಿಮೆ. ಎಳೆಯುವಾಗ ನನ್ನ ಎಡಗೈಯ ಎರಡು ಬೆರಳು ಶೀತ್ ಮೇಲೆ, ಚಾನೆಲಿನ ಬಾಯಿಗೆ ಒತ್ತಿ ಹಿಡಿದಿರುತ್ತವೆ. ಆ ಹೊತ್ತಿಗೆ ಯಾರೂ ನನ್ನನ್ನು ಮಾತಾಡಿಸಬಾರದು, ಬಾಗಿಲು ತೆರೆದು "ಮುಂದಿನ ಪೇಶೆಂಟ್ ಕಳಿಸ್ಲಾ?" ಎಂದು ಕೇಳಬಾರದು. ಕೇಳುತ್ತಾರೆ, ಅದು ಬೇರೆ ಮಾತು.

ಚೂರು ಸಿಕ್ಕಿದ ಮೇಲೆ ಅದನ್ನು ಎರಡು ಬಾಟಲಿಗೆ ಹಂಚಬೇಕು. ಕ್ಯಾನ್ಸರ್ ನೋಡಲು ಫಾರ್ಮಾಲಿನ್, ಟಿ.ಬಿ. ನೋಡಲು ಸಲೈನ್. ಎಲ್ಲವನ್ನೂ ಫಾರ್ಮಾಲಿನ್‌ಗೆ ಹಾಕಿದರೆ ಕ್ರಿಮಿ ಸಾಯುತ್ತದೆ, ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಏನೂ ಉಳಿಯುವುದಿಲ್ಲ. ನಮ್ಮ ಕಡೆ ಎದೆಯ ಫೋಟೋದಲ್ಲಿ ನೆರಳು ಕಂಡರೆ ಟಿ.ಬಿ.ಯೂ ಇರಬಹುದು, ಕ್ಯಾನ್ಸರೂ ಇರಬಹುದು, ಆಗೊಮ್ಮೆ ಎರಡೂ. ಹಾಗಾಗಿ ಬಾಟಲಿಗಳ ಮೇಲೆ ಹೆಸರು ಬರೆದು ಮುಚ್ಚಳ ತೆಗೆದಿಡುವುದೂ ರೋಗಿ ಬರುವ ಮೊದಲೇ ಆಗಬೇಕು.

ಇನ್ನು ದುಡ್ಡಿನ ಮಾತು. ಶೀತ್ ಒಂದು ಸಲ ಬಳಸಿ ಬಿಸಾಡುವ ವಸ್ತು, ಅದರ ಬೆಲೆ ರೋಗಿಯ ಬಿಲ್ಲಿಗೆ ಸೇರುತ್ತದೆ. ಎಲ್ಲರಿಗೂ ಅದು ಸಾಧ್ಯವಿಲ್ಲ. ಶೀತ್ ಇಲ್ಲದೆ ಬರಿಯ ಪ್ರೋಬ್ ಹಾಕಿ ಮಾಡುವ ದಿನಗಳಲ್ಲಿ, ಗಂಟು ಸಿಕ್ಕಿದ ಕೂಡಲೇ ಚಾನೆಲಿನ ಬಾಯಿಯ ಹತ್ತಿರ ಪ್ರೋಬ್‌ಗೆ ಸ್ಟೆರೈಲ್ ಟೇಪಿನ ಗುರುತು ಹಾಕುತ್ತೇನೆ. ಹೊರಗೆ ಎಳೆದು ಫೋರ್ಸೆಪ್ಸ್ ಪಕ್ಕ ಇಟ್ಟು ಅದೇ ಉದ್ದಕ್ಕೆ ಅದಕ್ಕೂ ಟೇಪು. ಸ್ಕೋಪ್ ಹಿಡಿದ ಡಾಕ್ಟರು ಅಷ್ಟು ಹೊತ್ತು ಕವಲಿನ ಬಾಯಿಯಲ್ಲಿ ಅಲ್ಲಾಡದೆ ನಿಲ್ಲಬೇಕು. ಆ ಕವಲಿಗೆ ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಮೊದಲೇ ಬಿಟ್ಟಿದ್ದರೆ ರೋಗಿ ಕೆಮ್ಮುವುದು ಕಡಿಮೆ. ಸಿ-ಆರ್ಮ್ ಚಿತ್ರದಲ್ಲಿ ಪ್ರೋಬ್ ಇದ್ದಾಗಿನ ಒಂದು ಫೋಟೋ ಪಕ್ಕದ ಮಾನಿಟರಿನಲ್ಲಿ ಹಾಗೆಯೇ ನಿಲ್ಲಿಸಿಟ್ಟುಕೊಂಡರೆ ಫೋರ್ಸೆಪ್ಸ್ ತುದಿ ಅದಕ್ಕೆ ಸರಿ ಬಂತೋ ಇಲ್ಲವೋ ಎಂದು ಹೋಲಿಸಿ ನೋಡಬಹುದು. ಈ ವಿಧಾನ ಶೀತ್‌ನಷ್ಟು ನಂಬಿಕೆಯದ್ದಲ್ಲ, ಆದರೆ ಟೇಪ್ ಇಲ್ಲದೆ ಅಂದಾಜಿನಲ್ಲಿ ಹೋಗುವುದಕ್ಕಿಂತ ಎಷ್ಟೋ ವಾಸಿ. ಟೇಪಿನ ಸುರುಳಿ ಟ್ರಾಲಿಯ ಎರಡನೇ ಖಾನೆಯಲ್ಲಿ ಇರುತ್ತದೆ. ಡ್ರೆಸ್ಸಿಂಗಿಗೆಂದು ವಾರ್ಡಿನವರು ಒಯ್ಯದಂತೆ ನೋಡಿಕೊಳ್ಳುವುದೂ ನನ್ನದೇ ಕೆಲಸ.