ತಾರಸಿಯ ಅಡೇನಿಯಂ: ಎರಡನೆಯ ಮಳೆಗಾಲ ದಾಟಿದ ಮೇಲೆ

ಬೆಂಗಳೂರಿನ ನಮ್ಮ ತಾರಸಿಯಲ್ಲಿ ಬೀಜದಿಂದ ಬೆಳೆಸುತ್ತಿರುವ ಅಡೇನಿಯಂ ಗಿಡಗಳು ಎರಡನೆಯ ಮಳೆಗಾಲವನ್ನು ದಾಟಿವೆ. ಸಹಾರಾದ ದಕ್ಷಿಣದಂಚು, ಪೂರ್ವ ಆಫ್ರಿಕಾ ಮತ್ತು ಅರೇಬಿಯಾದ ಒಣನೆಲಗಳಿಗೆ ಸೇರಿದ ಈ ಪೊದೆಯು ಉಬ್ಬಿದ ಬುಡದಲ್ಲಿ ನೀರು ಕೂಡಿಟ್ಟುಕೊಳ್ಳುವುದರಿಂದ ನಮ್ಮ ಏಪ್ರಿಲ್ ಬಿಸಿಲನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದಕ್ಕೆ ಕಂಟಕವಾಗುವುದು ಇಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಸೆಪ್ಟೆಂಬರ್. ಹಾಗಾಗಿ ನನ್ನ ಆರೈಕೆಯ ಬಹುಪಾಲು ನೀರು ತಡೆಯುವುದೇ ಆಗಿದೆ.

ಕಡ್ಡಿ ನೆಟ್ಟರೆ ಹೂವು ಬೇಗ ಬರುತ್ತದೆ. ಆದರೆ ಬೀಜದ ಗಿಡದಂಥ ದುಂಡು ಬುಡ ಸುಲಭವಾಗಿ ಬರುವುದಿಲ್ಲವೆಂದು ಬೀಜವನ್ನೇ ಆರಿಸಿಕೊಂಡಿದ್ದೆ. ತಾಜಾ ಬೀಜಗಳು ವಾರದೊಳಗೆ ಮೊಳೆತವು.

ಈ ಮಾರ್ಚ್‌ನಲ್ಲಿ ಕುಂಡ ಬದಲಿಸಿದೆ. ಕೆಮ್ಮಣ್ಣನ್ನು ಪೂರ್ತಿ ಬಿಟ್ಟು, ದಪ್ಪ ಮರಳು ಮತ್ತು ಇಟ್ಟಿಗೆ ಚೂರಿಗೆ ಸ್ವಲ್ಪವೇ ತೆಂಗಿನ ನಾರಿನ ಪುಡಿ ಹಾಗೂ ಎರೆಗೊಬ್ಬರ ಬೆರೆಸಿದ್ದೇನೆ. ನೇರವಾಗಿ ಇಳಿದಿದ್ದ ತಾಯಿಬೇರನ್ನು ಮೊಟಕುಗೊಳಿಸಿ, ಗಾಯಕ್ಕೆ ಶಿಲೀಂಧ್ರನಾಶಕದ ಪುಡಿ ಹಚ್ಚಿ, ನೆರಳಿನಲ್ಲಿ ಚೆನ್ನಾಗಿ ಒಣಗಿದ ಮೇಲೆ ಬುಡದ ಮೇಲ್ಭಾಗ ಮಣ್ಣಿನಿಂದ ಹೊರಗೆ ಕಾಣುವಂತೆ ಎತ್ತರಿಸಿ ನೆಟ್ಟೆ; ಇದರಿಂದ ಬೇರುಗಳು ಪಕ್ಕಕ್ಕೆ ಹರಡಿ ದಪ್ಪವಾಗುತ್ತವೆ. ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು, ಏಕೆಂದರೆ ಆಫ್ರಿಕಾದಲ್ಲಿ ಬಾಣದ ಮೊನೆಗೆ ಬಳಿಯುತ್ತಿದ್ದುದು ಹೃದಯದ ಮೇಲೆ ಪರಿಣಾಮ ಬೀರುವ ಇದರ ಸೋನೆಯನ್ನೇ.

ಜೂನ್‌ನಿಂದ ಕುಂಡಗಳು ಪಾರದರ್ಶಕ ಶೀಟಿನ ಕೆಳಗಿದ್ದವು. ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ನಾನು ನಂಬಿರುವ ಪರೀಕ್ಷೆ: ಮಣ್ಣು ಒಣಗಿದ್ದು ಬುಡ ಮೆತ್ತಗಿದ್ದರೆ ಬಾಯಾರಿಕೆ, ಮಣ್ಣು ಒದ್ದೆಯಾಗಿದ್ದೂ ಮೆತ್ತಗಿದ್ದರೆ ಕೊಳೆತ. ಗಾಳಿಮಳೆಯ ಎರಚಲು ತಗುಲಿದ ಒಂದು ಗಿಡ ಎರಡನೆಯ ಬಗೆಯದಾಯಿತು. ಅದನ್ನು ಕಿತ್ತು, ಕಂದು ಭಾಗವನ್ನು ಶುಭ್ರವಾದ ಬಿಳಿ ತಿರುಳು ಕಾಣುವವರೆಗೂ ಹೆರೆದು, ಒಣಗಿಸಿ ಮತ್ತೆ ನೆಟ್ಟಿದ್ದೇನೆ. ಹೊಸ ಚಿಗುರು ಬಂದಿದೆ, ಬುಡದ ಅಂದ ಮಾತ್ರ ಹೋಯಿತು.

ಅಕ್ಟೋಬರ್‌ನಲ್ಲಿ ನೀಲಿ ಕಣ್ಣಿನ ಗುರುತಿರುವ ಹಸಿರು ಹುಳುಗಳು ಎಲೆಗಳನ್ನು ಮೇಯ್ದವು. ಇವು ಕಣಗಿಲೆಯನ್ನು ತಿನ್ನುವ ಪತಂಗದ ಮರಿಗಳು. ಯೆಮನ್‌ನಲ್ಲಿ ಅಲೆದ ಸಸ್ಯವಿಜ್ಞಾನಿ ಫೋರ್ಸ್ಕೋಲ್ ನೀಡಿದ, 1775ರಲ್ಲಿ ಪ್ರಕಟವಾದ ವಿವರಣೆ ಅಡೇನಿಯಂ ಅನ್ನು ಕಣಗಿಲೆಯ ಕುಲಕ್ಕೇ ಸೇರಿಸಿತ್ತು. ಹುಳುಗಳ ಅಭಿಪ್ರಾಯವೂ ಇಂದಿಗೂ ಅದೇ. ಕೈಯಿಂದ ಆರಿಸಿ ತೆಗೆದದ್ದೇ ಸಾಕಾಯಿತು, ಔಷಧಿ ಸಿಂಪಡಿಸಲಿಲ್ಲ.

ಈಗ ಚಳಿಗೆ ಎಲೆಗಳು ಹಳದಿಯಾಗಿ ಉದುರುತ್ತಿವೆ. ಇದು ರೋಗವಲ್ಲ, ವಿಶ್ರಾಂತಿ. ಆದ್ದರಿಂದ ಗೊಬ್ಬರ ನಿಲ್ಲಿಸಿ ನೀರನ್ನೂ ತೀರ ಕಡಿಮೆ ಮಾಡಿದ್ದೇನೆ. ಕೊಂಬಿನಂಥ ಜೋಡಿ ಕಾಯಿ ಬಿಟ್ಟಿರುವ ಒಂದು ಗಿಡದಲ್ಲಿ, ಎರಡೂ ತುದಿಗೆ ರೋಮದ ಕುಚ್ಚಿರುವ ಬೀಜಗಳು ಕಾಯಿ ಸಿಡಿದೊಡನೆ ಗಾಳಿಗೆ ಹಾರಿಹೋಗದಂತೆ ದಾರ ಸುತ್ತಿ ಕಟ್ಟಿದ್ದೇನೆ.